ಮೊದಲು ಹೇಳು, ಆಮೇಲೆ ಎತ್ತಿ ನೋಡು

ನಮ್ಮ ಮನೆಗೆ ಬಂದವರಿಗೆ ಕಾಫಿಯ ಜೊತೆ ಅಮ್ಮ ಒಂದು ಕತೆಯನ್ನೂ ಕೊಡುತ್ತಾಳೆ. ಅದರ ಪ್ರಕಾರ, ಮಾತು ಬಂದಾಗಿನಿಂದ ಕಂಡವರ ಜೊತೆಯೆಲ್ಲ ವಾದಕ್ಕೆ ಬೀಳುತ್ತಿದ್ದ ನಾನು, ನಾವಿರುವ ಈ ದ್ವೀಪದ ಬಂದರಿನ ಕಡೆ, ಪಾಸಿರ್ ಪಂಜಾಂಗಿನ ಯಾವುದೋ ಗೋಡೌನಿನಲ್ಲಿ ಹಳೇ ಪೋಸ್ಟರ್ ಇಟ್ಟುಕೊಂಡಿರುವ ಒಬ್ಬ ಚೈನೀಸ್ ಅಂಕಲ್ ಹತ್ತಿರ ಹೋಗಿ, ಅವರು ಹೇಳಿದ ಒಂದೇ ಮಾತಿಗೆ ಬಾಯಿ ಮುಚ್ಚಿಕೊಂಡು, ಅವತ್ತಿನಿಂದ ತಣ್ಣಗಾಗಿದ್ದೇನೆ. ಪಕ್ಕದ ಪುಂಗೋಲ್ ಬಡಾವಣೆಯಿಂದ ಬರುವ ಆಂಟಿಯರು ಇದನ್ನು ಕೇಳಿ ನನ್ನ ಕಡೆ ತಿರುಗಿ, ಜ್ವರ ಬಿಟ್ಟ ಮಗುವನ್ನು ನೋಡುವ ಹಾಗೆ ನೋಡುತ್ತಾರೆ.

ಈ ಕತೆಗೆ ನನ್ನ ಆಕ್ಷೇಪಣೆ ಮೂರು. ಒಂದು, ಅದು ಗೋಡೌನ್ ಅಲ್ಲ, ಮ್ಯೂಸಿಯಂ. ಎರಡು, ಅಂಕಲ್ ಒಂದು ಮಾತು ಹೇಳಿ ಬಾಯಿ ಮುಚ್ಚಿಸಿದ್ದು ಸುಳ್ಳು. ಒಂದು ಮಾತು ಹೇಳುವುದಕ್ಕೂ ನಾನು ಅವರಿಗೆ ಜಾಗ ಬಿಟ್ಟಿರಲಿಲ್ಲ. ಮೂರು, ನಾನು ತಣ್ಣಗಾಗಿಲ್ಲ. ಈ ಮೂರನೆಯದು ನನ್ನ ಬಾಯಿಂದ ಬಂದ ಕೂಡಲೇ ಅಮ್ಮ “ನೋಡಿ, ಶುರು” ಎನ್ನುತ್ತಾಳೆ, ಆಂಟಿಯರು ನಗುತ್ತಾರೆ, ನನ್ನ ಕೇಸು ಅಲ್ಲಿಗೆ ಬಿದ್ದುಹೋಗುತ್ತದೆ. ಅದಕ್ಕೇ ಬರೆಯಲು ಕೂತೆ. ಬರೆಯುವುದರಲ್ಲಿ ಒಂದು ಅನುಕೂಲವಿದೆ. ನೀವು ಮಧ್ಯೆ ಬಾಯಿ ಹಾಕುವಂತಿಲ್ಲ.

ಕಳೆದ ಶನಿವಾರ ಅಮ್ಮ ಬಾಂಬ್ ಶೆಲ್ಟರ್ ಕ್ಲೀನ್ ಮಾಡಿದಳು. ಮೈಸೂರಿನ ನೆಂಟರಿಗೆ ಇದು ಗಾಬರಿಯ ವಿಷಯ. ಏನೂ ಇಲ್ಲ, ನಮ್ಮ ಸೆರಂಗೂನ್ ಫ್ಲ್ಯಾಟಿನಲ್ಲಿ ಅಡುಗೆಮನೆಯ ಪಕ್ಕ ದಪ್ಪ ಕಬ್ಬಿಣದ ಬಾಗಿಲಿರುವ ಸಣ್ಣ ಕೋಣೆಯೊಂದಿದೆ. ಯುದ್ಧ ಬಂದರೆ ನಾವೆಲ್ಲ ಒಳಗೆ ಕೂರಬೇಕು. ಸದ್ಯಕ್ಕೆ ಅಲ್ಲಿ ಕೂತಿರುವುದು ಅಕ್ಕಿ ಮೂಟೆ, ಗೌರಿ ಹಬ್ಬದ ಮೊರ, ಅಪ್ಪ ಎರಡು ವಾರ ಓಡಿ ಬಿಟ್ಟ ಟ್ರೆಡ್‌ಮಿಲ್ಲಿನ ಮ್ಯಾಟು, ಮತ್ತೆ ಒಂದು ಉದ್ದನೆಯ ರಟ್ಟಿನ ಕೊಳವೆ. ಕೊಳವೆಯೊಳಗೆ ನಾವು ಈ ಊರಿಗೆ ಬಂದ ವರ್ಷದಿಂದ ಈಚೆಗಿನ ಎಲ್ಲ ದೇವರ ಕ್ಯಾಲೆಂಡರುಗಳೂ ಸುರುಳಿ ಸುತ್ತಿಕೊಂಡು ಮಲಗಿವೆ.

“ಇದನ್ನ ಇನ್ನೂ ಯಾಕಮ್ಮ ಇಟ್ಕೊಂಡಿದೀಯ?”

“ದೇವರ ಚಿತ್ರ ಕಣೇ. ರೀಸೈಕ್ಲಿಂಗ್ ಬಿನ್ನಿಗೆ ಹಾಕಕ್ಕಾಗತ್ತಾ?”

“ವರ್ಷ ಮುಗಿದುಹೋಗಿದೆ.”

“ಲಕ್ಷ್ಮಿಗೆ ಮುಗಿದಿಲ್ಲ.”

ಒಂದನ್ನು ಬಿಡಿಸಿ ನೆಲದ ಮೇಲೆ ಹರಡಿದೆ. ಗುಲಾಬಿ ಕೆನ್ನೆ, ತಲೆಯ ಹಿಂದೆ ಕಿರಣಗಳು, ಬೆವರೇ ಇಲ್ಲದ ಹಣೆ. ನಾಲ್ಕು ಮೂಲೆಗೂ ಒಂದೊಂದು ಡಬ್ಬಿ ಇಟ್ಟು ಕೂತೆ. ಆ ಚೈನೀಸ್ ಅಂಕಲ್, ಅಂದರೆ ಕೊ ಅಂಕಲ್, ಅವರ ಗೋಡೆ ನೆನಪಾಯಿತು.

ಅಂಕಲ್ ವಿಷಯಕ್ಕೆ ಬರುವ ಮೊದಲು ನನ್ನ ರೋಗದ ಬಗ್ಗೆ ನಾಲ್ಕು ಮಾತು ಹೇಳಬೇಕು. ಹನ್ನೆರಡನೇ ವಯಸ್ಸಿನಿಂದ ಯೂನಿವರ್ಸಿಟಿ ಮುಗಿಯುವವರೆಗೂ ನಾನು ಡಿಬೇಟ್ ಟೀಮಿನಲ್ಲಿದ್ದೆ. ಅದರ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ವಿಷಯ ಕೊಡುತ್ತಾರೆ. ನಾಣ್ಯ ಚಿಮ್ಮಿ ನೀವು ಪರವೋ ವಿರೋಧವೋ ತೀರ್ಮಾನಿಸುತ್ತಾರೆ. ತಯಾರಿಗೆ ಹದಿನೈದು ನಿಮಿಷ. ಆಮೇಲೆ ಎದ್ದು ನಿಂತು, ಹದಿನೈದು ನಿಮಿಷದ ಹಿಂದೆ ಗೊತ್ತೇ ಇಲ್ಲದಿದ್ದ ಸಂಗತಿಯ ಬಗ್ಗೆ, ಹುಟ್ಟಿದಾಗಿನಿಂದ ಅದನ್ನೇ ನಂಬಿಕೊಂಡು ಬಂದವರ ಹಾಗೆ ಏಳು ನಿಮಿಷ ಮಾತಾಡಬೇಕು. ಕಲೆ ರಾಜಕೀಯದಿಂದ ದೂರ ಇರಬೇಕು ಎಂಬುದರ ಮೇಲೆ ನಾನು ಒಂದೇ ವಾರದಲ್ಲಿ ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ ಮಾತಾಡಿ ಎರಡೂ ಸಲ ಗೆದ್ದೆ. ಕಪ್ ನೋಡುತ್ತಾ ಅಪ್ಪ ಕೇಳಿದರು, “ನಿಜವಾಗ್ಲೂ ನಿನಗೇನನ್ಸತ್ತೆ?”

“ಯಾವ ಸೈಡಿಂದ?” ಅಂದೆ.

ಭಾನುವಾರದ ಕನ್ನಡ ಕ್ಲಾಸಿನಲ್ಲೂ ಇದೇ ಕತೆ. ಒಂದು ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ನಡೆಯುತ್ತಿದ್ದ ಆ ಕ್ಲಾಸಿನಲ್ಲಿ ಆಂಟಿಯೊಬ್ಬರು ‘ನನ್ನ ಮೆಚ್ಚಿನ ಹಬ್ಬ’ ಅಂತ ಪ್ರಬಂಧ ಬರೆಯಲು ಹೇಳಿದರೆ, ನಾನು ಹಬ್ಬಗಳಿಗೆ ಮೆಚ್ಚಿನ ಮಕ್ಕಳು ಇರಬಹುದೇ ಎಂದು ಬರೆದುಕೊಟ್ಟಿದ್ದೆ. ಆಂಟಿ ಕೆಂಪು ಪೆನ್ನಿನಲ್ಲಿ ಒಂದೇ ಶಬ್ದ ಬರೆದರು: ಕಾಗುಣಿತ. ಪಾಯಿಂಟಿಗೆ ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಸರಿ, ಅಂಕಲ್. ನನ್ನ ಆಫೀಸು ಪಾಸಿರ್ ಪಂಜಾಂಗಿನ ಹಳೆಯ ಇಂಡಸ್ಟ್ರಿಯಲ್ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದೆ. ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸ. ಒಂದು ಶನಿವಾರ ಮಧ್ಯಾಹ್ನ ಓವರ್‌ಟೈಮ್ ಮುಗಿಸಿ ಹೊರಟರೆ ಜನರ ಲಿಫ್ಟು ಕೆಟ್ಟಿತ್ತು. ಸಾಮಾನಿನ ಲಿಫ್ಟು ಹತ್ತಿದೆ. ಅದು ಕೆಳಗೆ ಹೋಗುವ ಬದಲು ಏಳನೇ ಮಹಡಿಗೆ ಹೋಗಿ ಬಾಯಿ ತೆರೆಯಿತು. ಎದುರಿಗೆ ಹಗ್ಗ ಮಾರುವ ಕಂಪನಿಯ ಮುಚ್ಚಿದ ಶಟರ್. ಅದರ ಪಕ್ಕದ ಬಾಗಿಲಿನ ಮುಂದೆ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ, ಮೇಲೊಂದು ಕೈಬರಹದ ಬೋರ್ಡು: ‘ಪೋಸ್ಟರ್ ಮ್ಯೂಸಿಯಂ. ಚಪ್ಪಲಿ ಇದ್ದರೆ ತೆರೆದಿದೆ.’

ಚಪ್ಪಲಿ ಇತ್ತು. ಒಳಗೆ ಹೋದೆ.

ಅರ್ಧ ಬ್ಯಾಡ್ಮಿಂಟನ್ ಕೋರ್ಟಿನಷ್ಟು ಜಾಗ, ನುಸಿಗುಳಿಗೆ ವಾಸನೆ, ನಾಲ್ಕು ಗೋಡೆಯ ತುಂಬ ಕೆಂಪು. ಚೀನಾದ ಹಳೆಯ ಸರ್ಕಾರಿ ಪೋಸ್ಟರುಗಳು. ಟ್ರ್ಯಾಕ್ಟರಿನ ಮೇಲೆ ಹೆಂಗಸರು, ತೋಳಿನಷ್ಟು ದೊಡ್ಡ ಜೋಳದ ತೆನೆ, ಹಂದಿಮರಿಗಳಿಗೆ ಹಾಲುಣಿಸುತ್ತಾ ನಗುವ ಹುಡುಗಿ, ಎಲ್ಲದರ ಮೇಲೆ ಸೂರ್ಯನ ಹಾಗೆ ಉದಯಿಸುತ್ತಿರುವ ಒಬ್ಬ ನಾಯಕ. ಮಧ್ಯದಲ್ಲಿ ಸ್ಟೂಲಿನ ಮೇಲೆ ಬನಿಯನ್ನು, ಚಡ್ಡಿ ಹಾಕಿಕೊಂಡ ತೆಳ್ಳಗಿನ ಮುದುಕರು ಕೂತು ಕಿತ್ತಳೆ ಸುಲಿಯುತ್ತಿದ್ದರು. ಅವರೇ ಕೊ ಅಂಕಲ್. ನಲವತ್ತು ವರ್ಷ ಹಡಗುಗಳಿಗೆ ತರಕಾರಿ, ಸೋಪು, ಬಿಸ್ಕತ್ತು ಒದಗಿಸಿದವರು. ಚೀನಾದ ಹಡಗುಗಳ ಅಡುಗೆಯವರು ಸ್ನೇಹಕ್ಕೆ ಪೋಸ್ಟರ್ ಕೊಡುತ್ತಿದ್ದರಂತೆ. ಆ ಕಾಲಕ್ಕೆ ಈ ಊರಲ್ಲಿ ಇಂಥದ್ದು ಮನೆಯಲ್ಲಿ ಸಿಕ್ಕರೆ ಕಮ್ಯುನಿಸ್ಟನಾ ಎಂದು ಕೇಳುವ ಪೊಲೀಸರಿಗೆ ಉತ್ತರ ಹೇಳಬೇಕಿತ್ತು. ಇವರು ಎಲೆಕೋಸಿನ ಬುಟ್ಟಿಗಳ ತಳದಲ್ಲಿಟ್ಟು ತಂದರು.

ಅಲ್ಲಿ ಒಂದು ನಿಯಮವಿತ್ತು. ಪ್ರತಿ ಪೋಸ್ಟರಿನ ಕೆಳಗೂ ವಿವರದ ಚೀಟಿ, ಚೀಟಿಯ ಮೇಲೆ ಮುಚ್ಚಳದ ಹಾಗೆ ಅಂಟಿಸಿದ ಕಂದು ಕಾಗದ. ಮೊದಲು ನೀವು ಪೋಸ್ಟರ್ ನೋಡಿ, ಇದು ಏನು ಅಂತ ಜೋರಾಗಿ ಹೇಳಬೇಕು. ಆಮೇಲೆ ಮುಚ್ಚಳ ಎತ್ತಬಹುದು. ನೀವು ಹೇಳಿದ್ದನ್ನು ಅಂಕಲ್ ಸ್ಕೂಲ್ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

“ತಪ್ಪು ಹೇಳಿದ್ರೆ?” ಅಂದೆ.

“ಸರಿ ಉತ್ತರ ನನಗೆ ಗೊತ್ತಿದೆ ಲಾ, ಗರ್ಲ್. ಅದರಲ್ಲಿ ಏನು ಇಂಟರೆಸ್ಟ್?”

ಗೊತ್ತಿಲ್ಲದ ವಿಷಯದ ಬಗ್ಗೆ ಧೈರ್ಯವಾಗಿ ಮಾತಾಡಬೇಕು. ಜಗತ್ತಿನಲ್ಲಿ ನನಗೆಂದೇ ಕಟ್ಟಿಸಿದ ಮ್ಯೂಸಿಯಂ ಇದ್ದರೆ ಅದು ಇದೇ ಅನ್ನಿಸಿತು.

ಮೊದಲನೆಯದರಲ್ಲಿ ಮಕ್ಕಳು ತಟ್ಟೆ, ಬೋಗುಣಿ, ಡೋಲು ಬಡಿಯುತ್ತಾ ಆಕಾಶ ನೋಡುತ್ತಿದ್ದರು. “ಶಾಲೆಗಳಲ್ಲಿ ಸಂಗೀತ ಶಿಕ್ಷಣದ ಪ್ರಚಾರ” ಎಂದೆ, ಒಂದು ಕ್ಷಣವೂ ತಡಮಾಡದೆ. ಮುಚ್ಚಳ ಎತ್ತಿದೆ. ಗುಬ್ಬಚ್ಚಿ ಕೊಲ್ಲುವ ಅಭಿಯಾನ. ಕಾಳು ತಿನ್ನುವ ಗುಬ್ಬಿಗಳು ಎಲ್ಲೂ ಕೂರದ ಹಾಗೆ ಊರಿಗೆ ಊರೇ ಸದ್ದು ಮಾಡುವುದು. ಹಾರಿ ಹಾರಿ ಸುಸ್ತಾಗಿ ಅವು ಬಿದ್ದು ಸಾಯುವುದು. ಅಂಕಲ್ “ಮ್ಯೂಸಿಕ್ ಎಜುಕೇಷನ್” ಎಂದು ನಿಧಾನವಾಗಿ ಬರೆದುಕೊಂಡರು. ಮುಖದಲ್ಲಿ ಎಂಥ ಸಂತೋಷ ಅಂದರೆ, ನನಗೆ ರೇಗಿತು.

ಆ ಸಿಟ್ಟಿನಲ್ಲೇ ಮೂಲೆಯ ಪೋಸ್ಟರಿನ ಮುಂದೆ ನಿಂತೆ. ಗೋಧಿ ಹೊಲ. ಹದಿನೇಳೋ ಹದಿನೆಂಟೋ ವರ್ಷದ ಹುಡುಗಿ, ಎರಡು ಗಿಡ್ಡ ಜಡೆ, ಬಿಳೀ ಕಾಲರು, ಕೈಯಲ್ಲಿ ತೆರೆದ ಪುಸ್ತಕ, ಮುಖದ ಮೇಲೆ ಬಿಸಿಲು. ಈ ಸಲ ನಾನು ವಿಷಯ ಊಹಿಸುವುದಕ್ಕೆ ಹೋಗಲಿಲ್ಲ. ಪೋಸ್ಟರಿನ ಮೇಲೇ ಕೇಸ್ ಹಾಕಿದೆ. ಮೊದಲನೆಯದಾಗಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಹೊಲದ ಮಧ್ಯೆ ನಿಂತು ಯಾರೂ ಓದುವುದಿಲ್ಲ. ಎರಡನೆಯದಾಗಿ, ಇವಳ ಕೈಯಲ್ಲಿ ಮಣ್ಣಿಲ್ಲ, ಹೊಲದಲ್ಲೂ ಮಣ್ಣಿಲ್ಲ. ಮೂರನೆಯದಾಗಿ, ಇಂಥ ಮುಖ ಯಾರದ್ದೂ ಅಲ್ಲ. ಕಮಿಟಿಯಲ್ಲಿ ಒಬ್ಬ ಮೂಗು ಪಾಸ್ ಮಾಡಿರುತ್ತಾನೆ, ಇನ್ನೊಬ್ಬ ಕೆನ್ನೆ. ಮುಂದುವರಿದು, ಉಪಸಂಹಾರಕ್ಕೆ ಬಂದು, ದನಿ ತಗ್ಗಿಸಿ ಹೇಳಿದೆ. ದನಿ ಎಲ್ಲಿ ತಗ್ಗಿಸಬೇಕು ಅಂತ ನಮಗೆ ಕಲಿಸಿರುತ್ತಾರೆ. “ಈ ಹುಡುಗಿ ಯಾವತ್ತೂ ಇರಲಿಲ್ಲ. ಇವಳನ್ನು ಯಾರಾದರೂ ಪ್ರೀತಿಸಿದ್ದರೆ, ಅವರು ಪ್ರೀತಿಸಿದ್ದು ಕಾಗದವನ್ನ.”

ಅಂಕಲ್ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು. “ಸ್ವಲ್ಪ ನಿಧಾನ. ಕಮಿಟಿ ಆದಮೇಲೆ ಏನಂದೆ?”

ಹೇಳಿದೆ. ಅದನ್ನೂ ಬರೆದುಕೊಂಡರು. ಪೆನ್ನಿನ ಕ್ಯಾಪ್ ಹಾಕಿ, “ಒಳ್ಳೇ ಇಂಗ್ಲಿಷು. ಎತ್ತಿ ನೋಡು” ಎಂದರು.

ಎತ್ತಿದೆ. ಬೇರೆಯದಕ್ಕೆಲ್ಲ ಐದಾರು ಸಾಲಿನ ವಿವರ ಇತ್ತು. ಇದಕ್ಕೆ ಎರಡೇ ಶಬ್ದ. ‘ನನ್ನ ದೊಡ್ಡಕ್ಕ.’

ಇಲ್ಲಿ ಯಾರೇ ಆದರೂ ಸಾರಿ ಹೇಳುತ್ತಿದ್ದರು. ನೀವೂ ಹೇಳುತ್ತಿದ್ದಿರಿ. ಹತ್ತು ವರ್ಷ ತರಬೇತಿಯಾದ ನನ್ನ ಬಾಯಿಂದ ಬಂದದ್ದು, “ನಿಮಗೆ ಹೇಗೆ ಗೊತ್ತು?”

ಅವರು ಹೇಳಿದರು. ಐವತ್ತರ ದಶಕದಲ್ಲಿ ಇಲ್ಲಿನ ಚೀನೀ ಶಾಲೆಗಳ ಎಷ್ಟೋ ಹುಡುಗ ಹುಡುಗಿಯರು ಹೊಸ ದೇಶ ಕಟ್ಟುತ್ತೇವೆ ಅಂತ ಹಡಗು ಹತ್ತಿ ಚೀನಾಕ್ಕೆ ಹೋದರು. ಮತ್ತೆ ಈ ಊರಿಗೆ ಕಾಲಿಡುವುದಿಲ್ಲ ಎಂದು ಸಹಿ ಹಾಕಿಯೇ ಹೋಗಬೇಕಿತ್ತಂತೆ. ದೊಡ್ಡಕ್ಕ ಹೊರಟಾಗ ಅವಳಿಗೆ ಹದಿನೇಳು, ಇವರಿಗೆ ಏಳು. ಅವರಪ್ಪನಿಗೆ ಇಷ್ಟವಿರಲಿಲ್ಲ. ವರ್ಷವಾದ ಮೇಲೆ ಅವಳಿಂದ ಒಂದು ಫೋಟೋ ಬಂತು. ಅವರಮ್ಮ ಅಕ್ಕಿ ಡಬ್ಬದ ಹಿಂದೆ ಕರೆದು ಇವರಿಗೆ ಒಂದೇ ಒಂದು ಸಲ ತೋರಿಸಿದರು. ಎರಡು ಜಡೆ, ಬಿಳೀ ಕಾಲರು, ಕೈಯಲ್ಲಿ ಪುಸ್ತಕ. ಅವತ್ತೇ ಸಂಜೆ ಅಪ್ಪ ಅದನ್ನು ಒಲೆಗೆ ಹಾಕಿದರು, ಅವಳ ಹಳೆಯ ಫೋಟೋಗಳ ಸಮೇತ. ಎಷ್ಟೋ ವರ್ಷದ ಮೇಲೆ ಒಬ್ಬ ಅಡುಗೆಯವ ಬಿಸ್ಕತ್ತಿನ ಪೆಟ್ಟಿಗೆಯ ಜೊತೆ ಈ ಪೋಸ್ಟರ್ ಕೊಟ್ಟ. ನೋಡಿದರೆ ಅವಳೇ.

ನಾನು ತಲೆದೂಗಿದೆ. ಆಮೇಲೆ ತುಂಬ ವಿನಯದಿಂದ ಕೆಡವಿದೆ. ಏಳೆಂಟು ವರ್ಷದ ಮಗು, ಒಂದೇ ನೋಟ. ನಡುವೆ ಎಷ್ಟೋ ವರ್ಷ. ಪೋಸ್ಟರ್ ನೋಡಿದ ಮೇಲೆ ಮನಸ್ಸು ಇದೇ ಮುಖವನ್ನು ಆ ಫೋಟೋಕ್ಕೆ ಅಂಟಿಸಿರುತ್ತದೆ. ನಿಮಗೆ ನೆನಪಿರುವುದು ಅಕ್ಕ ಅಲ್ಲ ಅಂಕಲ್, ಪೋಸ್ಟರು.

ಅವರು ಕಿತ್ತಳೆಯ ಒಂದು ತೊಳೆ ಬಾಯಿಗೆ ಹಾಕಿಕೊಂಡು, ಬೀಜ ತೆಗೆದು, ಸಿಪ್ಪೆಯ ಮೇಲಿಟ್ಟರು. “ಇರಬಹುದು” ಎಂದರು. ಎದ್ದು ಹೋಗಿ ಆ ಎರಡು ಶಬ್ದದ ಚೀಟಿಯನ್ನು ಕಿತ್ತರು. ಮಡಚಿ, ಮೊಳೆಗೆ ತೂಗುಹಾಕಿದ್ದ ಶರ್ಟಿನ ಜೇಬಿಗೆ ಸೇರಿಸಿ, ಒಂದು ಖಾಲಿ ಚೀಟಿ ನನ್ನ ಕೈಗಿಟ್ಟರು. “ನೀನು ಬರಿ. ಕರೆಕ್ಟ್ ಆಗಿರೋದು.”

ಲಿಫ್ಟಿನಲ್ಲಿ ಕೆಳಗೆ ಬರುವಾಗ, ನಿಜ ಹೇಳುತ್ತೇನೆ, ಗೆದ್ದ ಖುಷಿಯೇ ಇತ್ತು. ಏಳರಿಂದ ಸುಮಾರು ನಾಲ್ಕನೇ ಮಹಡಿಯವರೆಗೆ.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಸಾರಿನ ಸೌಟು ಅರ್ಧದಲ್ಲೇ ನಿಂತಿತು.

“ವಯಸ್ಸಾದ ಮನುಷ್ಯನ ಹತ್ರ, ಅವರಕ್ಕ ಅವರಕ್ಕ ಅಲ್ಲ ಅಂತ ಪ್ರೂವ್ ಮಾಡಿ ಬಂದ್ಯಾ?”

“ಪ್ರೂವ್ ಮಾಡಿಲ್ಲಮ್ಮ. ಪ್ರೂವ್ ಮಾಡೋ ಜವಾಬ್ದಾರಿ ಅವರದ್ದು ಅಂತ...”

“ಸಿಂಧು.”

ಮುಂದಿನ ಶನಿವಾರ ಕೋಡುಬಳೆ ಡಬ್ಬಿ ಹಿಡಿದು ಅಮ್ಮನೇ ಹೊರಟಳು. ಹಿಂದೆ ನಾನು. ಬಾಗಿಲ ಮುಂದೆ ಚಪ್ಪಲಿ ಇರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ. ಹಗ್ಗದ ಕಂಪನಿಯವರನ್ನು ಕೇಳಿದರೆ, ಹುಷಾರಾಗಿಯೇ ಇದ್ದಾರೆ, ಬರುತ್ತಿಲ್ಲ ಅಷ್ಟೇ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಒಂದು ಮಾತೂ ಆಡಲಿಲ್ಲ. ನಮ್ಮಮ್ಮನ ವಿರುದ್ಧ ನಾನು ಯಾವತ್ತೂ ಗೆಲ್ಲಲಾಗದ ವಾದ ಅದೊಂದೇ, ಅವಳು ಆಡದೇ ಇರುವುದು.

ಮೂರನೇ ವಾರ ನೀಲಿ ಚಪ್ಪಲಿ ಕಂಡಾಗ ನನಗಿಂತ ಮೊದಲು ಅಮ್ಮ ಒಳಗಿದ್ದಳು. ನಿಯಮ ಕೇಳಿಸಿಕೊಂಡಳು. ದೊಡ್ಡ ಮೀನನ್ನು ಅಪ್ಪಿಕೊಂಡ ಗುಂಡುಗುಂಡಾದ ಮಗುವಿನ ಪೋಸ್ಟರ್ ನೋಡಿ, “ಕೃಷ್ಣ” ಎಂದಳು. ಅಂಕಲ್ ಸ್ಪೆಲಿಂಗ್ ಕೇಳಿ ಬರೆದುಕೊಂಡರು. ಹಂದಿಮರಿಯ ಹುಡುಗಿಗೆ, “ಯಶೋದೆ ಮನೆಯಲ್ಲಿ ಹಸು ಇರ್ಲಿಲ್ವಾ” ಎಂದಳು. ಹೀಗೆ ಒಂದು ಸುತ್ತು ಬಂದು, ಎಲ್ಲ ನಮ್ಮ ಮನೆ ಕ್ಯಾಲೆಂಡರ್ ಥರಾನೇ ಇದೆ, ಅದೇ ಕೆನ್ನೆ, ಅದೇ ಬೆಳಕು ಎಂದು ತೀರ್ಪು ಕೊಟ್ಟಳು. ನೀವು ಇದನ್ನೆಲ್ಲ ನಂಬುತ್ತೀರಾ ಎಂದು ನಾನು ಹೋದ ಸಲ ಅಂಕಲನ್ನು ಕೇಳಬೇಕೆಂದಿದ್ದೆ. ಅಮ್ಮ ಕೇಳಿದ್ದು, “ನೀವೂ ಎಸೆಯಕ್ಕಾಗದೇ ಇಟ್ಕೊಂಡಿದೀರಾ?”

“ಯೆಸ್,” ಎಂದರು ಅಂಕಲ್. “ಕರೆಕ್ಟ್.”

ಮೂಲೆಯ ಹುಡುಗಿಯ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. ಏನಾದರೂ ದೊಡ್ಡ ಮಾತು ಬರುತ್ತದೆ ಅಂತ ನಾನು ಕಾಯುತ್ತಿದ್ದೆ. “ಹೊಲಕ್ಕೆ ಬಿಳೀ ಕಾಲರ್ ಹಾಕಿ ಕಳಿಸಿದಾರೆ. ಯಾರು ಒಗೀಬೇಕು?” ಅಂದಳು. ಅಂಕಲ್ ನಕ್ಕರು. ನಗು ಮುಗಿದ ಮೇಲೆ ಸ್ಟೂಲ್ ಅಮ್ಮನ ಕಡೆ ಸರಿಸಿ ಹೇಳಿದರು, “ಜೂನ್‌ನಲ್ಲಿ ನನ್ನ ಅಕ್ಕ ಬರ್ತಿದಾಳೆ. ಈ ಊರಿಗೆ, ಹೋದಮೇಲೆ ಮೊದಲನೇ ಸಲ.”

ಅಕ್ಕ ಬದುಕಿದ್ದಾರೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅಷ್ಟೆಲ್ಲ ಮಾತಾಡಿದವಳು ಆ ಒಂದು ಪ್ರಶ್ನೆ ಕೇಳಿರಲಿಲ್ಲ. ಚೀನಾದ ಶಿಯಾಮೆನ್‌ನಲ್ಲಿದ್ದಾರಂತೆ. ಮೊದಲು ಬರುವಂತಿರಲಿಲ್ಲ. ಬರಬಹುದಾದಾಗ ಅಪ್ಪ ಇದ್ದರು, ಒಪ್ಪಲಿಲ್ಲ. ಅಪ್ಪ ಹೋದಮೇಲೆ ಅವಳಿಗೆ ಮೊಮ್ಮಕ್ಕಳಾದರು. ಅಂಕಲ್ ಮೂರು ಸಲ ಹೋಗಿ ನೋಡಿ ಬಂದಿದ್ದಾರೆ. ಊಟ ಮಾಡ್ತೀವಿ, ಹವಾಮಾನ ಮಾತಾಡ್ತೀವಿ, ವಾಪಸ್ ಬರ್ತೀನಿ ಎಂದರು.

“ಅವರ ಹತ್ರ ಆಗಿನ ಫೋಟೋ ಇಲ್ವಾ?” ಅಂದೆ.

“ಅವಳದ್ದೂ ಹೋಯ್ತು. ಅಲ್ಲಿ ಬೇರೆ ಒಲೆ, ಕ್ರಾಂತಿಯದ್ದು.”

“ಹಾಗಾದ್ರೆ ಈ ಪೋಸ್ಟರನ್ನೇ ಫೋಟೋ ತೆಗೆದು ಫೋನಲ್ಲಿ ಕಳಿಸಿ, ಇದು ನೀನೇನಾ ಅಂತ ಕೇಳಬಹುದಿತ್ತಲ್ಲ. ಒಂದು ನಿಮಿಷದ ಕೆಲಸ.”

ಅಮ್ಮ ನನ್ನ ಕಾಲು ತುಳಿದಳು. ಆದರೆ ಅಂಕಲ್ ಬೇಸರ ಮಾಡಿಕೊಳ್ಳಲಿಲ್ಲ. “ಕೇಳ್ತೀನಿ. ಅವಳು ಅಲ್ಲ ಅಂತಾಳೆ. ಆಮೇಲೆ? ಹದಿನೇಳು ವರ್ಷದ ನನ್ನ ಅಕ್ಕ ಅಂದ್ರೆ ನನಗೆ ಇಷ್ಟೇ ಇರೋದು, ಗರ್ಲ್. ಕಣ್ಣು ಮುಚ್ಚಿದ್ರೆ ಇದೇ ಮುಖ. ಇದು ಅವಳಲ್ಲ ಅಂದ್ರೆ, ಇಷ್ಟು ವರ್ಷ ನಾನು ಯಾರನ್ನ ನೆನೆಸ್ಕೊಳ್ತಿದ್ದೆ?”

ಹೌದು, ಅಮ್ಮನ ಕತೆಯಲ್ಲಿ ಬರುವ ಒಂದೇ ಮಾತು ಇದೇ. ಆದರೆ ನನ್ನ ಬಾಯಿ ಮುಚ್ಚಿಸಿದ್ದು ಇದಲ್ಲ. ಆಮೇಲೆ ಅವರು ಸುಮ್ಮನೆ ಸೇರಿಸಿದ್ದು. “ಅವಳು ಬರೋ ಮುಂಚೆ ಇದನ್ನ ಇಳಿಸಿಬಿಡ್ತೀನಿ.”

ಕೇಳಿ ಕಳೆದುಕೊಳ್ಳುವುದಕ್ಕಿಂತ ಕೇಳದೆ ಉಳಿಸಿಕೊಳ್ಳುವುದು. ಈ ಯೋಚನೆಗೆ ಕಾರಣ ನಾನೇ. ನಾನು ಬರುವವರೆಗೆ ಆ ಚೀಟಿ ಆ ಗೋಡೆಯ ಮೇಲೆ ಯಾವ ಸಾಕ್ಷಿಯನ್ನೂ ಕೇಳದೆ ಇತ್ತು.

ಒಂದು ವಾರ ಆ ಖಾಲಿ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಎಂಆರ್‌ಟಿ ರೈಲಿನಲ್ಲಿ ನಿಂತು ಮನಸ್ಸಿನಲ್ಲೇ ಬರೆಯುತ್ತಿದ್ದೆ, ಹೊಡೆದುಹಾಕುತ್ತಿದ್ದೆ. ‘ಬಹುಶಃ ನನ್ನ ಅಕ್ಕ.’ ಬಹುಶಃ ಅಕ್ಕ ಅಂದರೆ ಏನರ್ಥ? ‘ಒಬ್ಬ ಹುಡುಗಿ.’ ಅದನ್ನು ಹೇಳುವುದಕ್ಕೆ ಚೀಟಿ ಬೇಕಿಲ್ಲ. ಏಳು ನಿಮಿಷ ನಿಲ್ಲದೆ ಹರಿಯುವ ನನಗೆ ಒಂದು ಸಾಲು ಹುಟ್ಟಲಿಲ್ಲ. ಕೊನೆಗೆ ಯಾರೂ ಖಂಡಿಸಲಾಗದ ವಾಕ್ಯವೊಂದನ್ನು ಕಡೆದು ಒಯ್ದೆ: ‘ಈ ಹುಡುಗಿಯನ್ನು ನೋಡಿದಾಗ ಈ ಮ್ಯೂಸಿಯಂ ಇಟ್ಟವರಿಗೆ ತಮ್ಮ ದೊಡ್ಡಕ್ಕನ ನೆನಪಾಗುತ್ತದೆ.’

ಅಂಕಲ್ ಕನ್ನಡಕ ಏರಿಸಿ ಎರಡು ಸಲ ಓದಿದರು. “ತುಂಬ ಹುಷಾರು. ಲಾಯರ್ ಥರ” ಎಂದು ಅದನ್ನೂ ಜೇಬಿಗೆ ಹಾಕಿಕೊಂಡರು.

ಜೂನ್ ಮೊದಲ ಶನಿವಾರ ಅಮ್ಮನಿಗೆ ಫೋನ್ ಬಂತು. ನನಗಲ್ಲ, ಅಮ್ಮನಿಗೆ. ಅಕ್ಕ ಬಂದಿದ್ದಾಳೆ, ನೀವಿಬ್ಬರೂ ಬನ್ನಿ, ಜನ ಹೆಚ್ಚಿದ್ದರೆ ಒಳ್ಳೆಯದು. ಹೋದರೆ ಬಾಗಿಲ ಮುಂದೆ ನೀಲಿ ಚಪ್ಪಲಿಯ ಪಕ್ಕ ಪುಟ್ಟ ಕಪ್ಪು ಬಟ್ಟೆಯ ಬೂಟು, ಇನ್ನೊಂದು ಜೊತೆ ಬಿಳೀ ಸ್ನೀಕರ್ಸು. ಅಂಕಲ್ ಪ್ಯಾಂಟು ಹಾಕಿಕೊಂಡಿದ್ದರು, ಶರ್ಟಿಗೆ ಇಸ್ತ್ರಿ ಇತ್ತು. ನನ್ನ ಕಣ್ಣು ಮೊದಲು ಮೂಲೆಗೆ ಹೋಯಿತು. ಹುಡುಗಿ ಇದ್ದಳು. ಒಂದು ಕಡೆ ವಾಲಿಕೊಂಡಿದ್ದಳು.

“ನಿನ್ನೆ ಇಳಿಸಿದೆ. ಬೆಳಿಗ್ಗೆ ಮತ್ತೆ ಹಾಕಿದೆ,” ಎಂದರು ಅಂಕಲ್, ಪಿಸುಮಾತಿನಲ್ಲಿ. “ಗೋಡೆ ಖಾಲಿ ಕಾಣ್ತಿತ್ತು.”

ದೊಡ್ಡಕ್ಕ ನಮ್ಮ ಅಮ್ಮನ ಭುಜಕ್ಕೆ ಬರುತ್ತಾರೆ. ಕೋಲಿದೆ, ಆದರೆ ಅದನ್ನು ಊರುವುದಕ್ಕಿಂತ ತೋರಿಸುವುದಕ್ಕೇ ಹೆಚ್ಚು ಬಳಸುತ್ತಾರೆ. ಜೊತೆಗೆ ಬಂದಿದ್ದ ಮೊಮ್ಮಗಳು ನನ್ನ ವಯಸ್ಸಿನವಳು, ಒಳ್ಳೆಯ ಇಂಗ್ಲಿಷಿನಲ್ಲಿ ಅನುವಾದ ಮಾಡುತ್ತಿದ್ದಳು. ನಿಯಮ ತಿಳಿಸಿದಾಗ ಅಜ್ಜಿ ಹುಬ್ಬೇರಿಸಿ, ತಮ್ಮನ ಕಡೆ ತಿರುಗಿ ಏನೋ ಅಂದರು. “ಪರೀಕ್ಷೆನಾ ಅಂತ ಕೇಳ್ತಿದಾರೆ,” ಎಂದಳು ಮೊಮ್ಮಗಳು.

ಟ್ರ್ಯಾಕ್ಟರಿಗೆ ಕೋಲು ಬಡಿದು ಅಜ್ಜಿ ಹೇಳಿದರು: ಇದು ಸ್ಟಾರ್ಟೇ ಆಗ್ತಿರಲಿಲ್ಲ. ತೋಳಿನಷ್ಟು ದೊಡ್ಡ ಜೋಳಕ್ಕೆ ತಮ್ಮ ಕಿರುಬೆರಳು ತೋರಿಸಿದರು. ಗುಬ್ಬಿಯ ಪೋಸ್ಟರಿನ ಮುಂದೆ ನಿಂತು, ನಾನೂ ಬೋಗುಣಿ ಬಡಿದಿದ್ದೆ, ಮೂರು ದಿನ ಕಿವಿ ಕೇಳಿಸಲಿಲ್ಲ ಎಂದರು. ಅಂಕಲ್ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದರು. ಊಟ, ಹವಾಮಾನ ಬಿಟ್ಟು ಅಕ್ಕ ಅವರ ಹತ್ತಿರ ಮಾತಾಡಿದ್ದು ಇದೇ ಮೊದಲಿರಬೇಕು. ಅವರ ಕೈ ಓಡುತ್ತಿದ್ದ ವೇಗ ನೋಡಿದರೆ ಹಾಗನ್ನಿಸುತ್ತಿತ್ತು.

ಮೂಲೆ ಹತ್ತಿರವಾದಾಗ ಅಂಕಲ್ ಪುಸ್ತಕ ಮುಚ್ಚಿ ಟೀ ಮಾಡಲು ಹೋದರು. ನಮಗೆ ಬೆನ್ನು ಹಾಕಿ, ಆಗಲೇ ತುಂಬಿದ್ದ ಕಪ್ಪಿಗೆ ಮತ್ತೆ ಟೀ ಹಾಕುತ್ತಿದ್ದರು.

ಅಜ್ಜಿ ನಿಂತರು. ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಹತ್ತಿರ ಹೋಗಿ, ಪೋಸ್ಟರಿನ ಜಡೆಯ ಮೇಲೆ ಬೆರಳಿಟ್ಟರು. ಮಾತು ಒಂದೇ ಸಮನೆ ಬಂತು, ಮೊಮ್ಮಗಳು ಹಿಂದೆ ಹಿಂದೆ ಓಡುತ್ತಾ ಹೇಳಿದಳು. “ಇದು ನಮ್ಮ ಹಾಸ್ಟೆಲಿನ ಗೋಡೆ ಮೇಲಿತ್ತು ಅಂತಿದಾರೆ. ಒಂದು ರೂಮಿಗೆ ಹದಿನಾರು ಜನ. ಕನ್ನಡಿ ಇರಲಿಲ್ಲ. ಬೆಳಿಗ್ಗೆ ಎಲ್ಲರೂ ಇವಳನ್ನ ನೋಡ್ಕೊಂಡೇ ಜಡೆ ಹಾಕ್ಕೊಳ್ತಿದ್ದರಂತೆ. ಇಷ್ಟೇ ಗಿಡ್ಡ ಇರಬೇಕು, ಕಾಲರ್ ಹೀಗೇ ಇರಬೇಕು. ಮನೆಗೆ ಫೋಟೋ ಕಳಿಸೋಣ ಅಂತ ಒಂದು ದಿನ ಹದಿನಾರು ಜನಾನೂ ಸ್ಟುಡಿಯೋಗೆ ಹೋದರಂತೆ. ಸ್ಟುಡಿಯೋದವನ ಹತ್ರ ಒಂದೇ ಪುಸ್ತಕ. ಒಬ್ಬೊಬ್ಬರೇ ಅದನ್ನ ಹಿಡ್ಕೊಂಡು ಇವಳ ಥರ ನಿಂತ್ಕೊಂಡರಂತೆ.”

ಕೆಟಲ್ಲಿನ ಸದ್ದು ನಿಂತಿತು. ಅಂಕಲ್ ತಿರುಗದೆ ಅಕ್ಕನನ್ನು ಏನೋ ಕೇಳಿದರು. ಅಜ್ಜಿ ಜೋರಾಗಿ ನಕ್ಕು ಉತ್ತರ ಕೊಟ್ಟರು.

“ಹ್ಞೂಂ, ಕಾಲರ್ ಬಿಳೀದೇ, ಕಡ ತಂದಿದ್ದು, ಅಂತಿದಾರೆ,” ಎಂದಳು ಮೊಮ್ಮಗಳು.

ನೋಡಿ, ಈಗ ಲೆಕ್ಕ ಹೇಗೆ ಹಾಕುತ್ತೀರಿ? ಪೋಸ್ಟರಿನ ಹುಡುಗಿ ದೊಡ್ಡಕ್ಕ ಅಲ್ಲ. ನಾನು ಹೇಳಿದ್ದು ಸರಿ. ಅಕ್ಕಿ ಡಬ್ಬದ ಹಿಂದೆ ಏಳೆಂಟು ವರ್ಷದ ಹುಡುಗ ಕಂಡದ್ದು ಇದೇ ಜಡೆ, ಇದೇ ಕಾಲರು, ಇದೇ ಬಿಂಕ. ಅಂಕಲ್ ಹೇಳಿದ್ದೂ ಸರಿ. ಯಾವತ್ತೂ ಇರಲಿಲ್ಲ ಅಂತ ನಾನು ಸಾಧಿಸಿದ ಹುಡುಗಿ ಒಂದೇ ರೂಮಿನಲ್ಲಿ ಹದಿನಾರು ಸಲ ಇದ್ದಳು. ನಮ್ಮ ಡಿಬೇಟಿನಲ್ಲಿ ಎರಡೂ ಟೀಮು ಗೆಲ್ಲುವುದಕ್ಕೆ ಅವಕಾಶವಿಲ್ಲ. ಇದ್ದಿದ್ದರೆ ನಾನು ಬಹುಶಃ ಸ್ವಲ್ಪ ಒಳ್ಳೆಯವಳಾಗಿ ಬೆಳೆಯುತ್ತಿದ್ದೆ.

ಅಂಕಲ್ ಕಪ್ಪುಗಳನ್ನು ತಂದು ಕೊಟ್ಟರು. ಸಾಸರಿನ ತುಂಬ ಟೀ ಚೆಲ್ಲಿತ್ತು. ಅಮ್ಮ ಕೋಡುಬಳೆ ಡಬ್ಬಿ ತೆರೆದಳು. ಅಜ್ಜಿ ಒಂದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿರುಗಿಸಿ ನೋಡಿ, ಕಟಕ್ಕನೆ ಕಡಿದರು. ಹಲ್ಲೆಲ್ಲ ಅವರದ್ದೇ ಅಂತ ಮೊಮ್ಮಗಳು ಹೆಮ್ಮೆಯಿಂದ ಹೇಳಿದಳು. ಒಂದು ತಿಂಗಳು ಇರುತ್ತಾರಂತೆ. ಟ್ರ್ಯಾಕ್ಟರಿನ ಚೀಟಿಯಲ್ಲಿ ತಪ್ಪಿದೆ, ಹಂದಿಯದ್ದರಲ್ಲಿ ಇನ್ನೂ ದೊಡ್ಡ ತಪ್ಪಿದೆ, ಎಲ್ಲ ತಿದ್ದಿಸಿಯೇ ಹೋಗುವುದು ಎಂದು ಅಜ್ಜಿ ಕೂತಲ್ಲಿಂದಲೇ ಘೋಷಿಸಿದರು. ಅಂಕಲ್ ಹೊಸ ನೋಟ್‌ಬುಕ್ ತರಬೇಕು ಎಂದರು. ಅಕ್ಕ ತಮ್ಮ ಇಬ್ಬರೂ ಜೋರಾಗಿ ಏನೋ ಕಿತ್ತಾಡಲು ಶುರುಮಾಡಿದರು. ಟ್ರ್ಯಾಕ್ಟರಿನ ಬಣ್ಣದ ವಿಷಯ ಅಂತ ಆಮೇಲೆ ಗೊತ್ತಾಯಿತು. ಅಷ್ಟು ಚೆಂದದ ಜಗಳ ನಾನು ಸ್ಟೇಜಿನ ಮೇಲೆ ಒಂದೂ ನೋಡಿಲ್ಲ.

ನನಗೆ ಡಿಬೇಟ್ ಕಲಿಸಿದವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಉತ್ತರ ಮೊದಲೇ ಗೊತ್ತಿರದ ಪ್ರಶ್ನೆಯನ್ನು ಎದುರಾಳಿಗೆ ಕೇಳಬೇಡ, ಕೈಯಿಂದ ಜಾರಿಹೋಗುತ್ತದೆ. ಆದರೆ ಅಜ್ಜಿ ನನ್ನ ಎದುರಾಳಿ ಅಲ್ಲವಲ್ಲ. ಜಗಳ ಒಂದು ಕ್ಷಣ ನಿಂತಾಗ ಅವರ ಪಕ್ಕ ನೆಲದ ಮೇಲೆ ಕೂತು, ಮೊಮ್ಮಗಳಿಗೆ ಇದೊಂದನ್ನು ಸರಿಯಾಗಿ ಹೇಳು ಅಂದೆ. ಅಂಕಲ್ ಕಪ್ಪು ಕೆಳಗಿಟ್ಟರು. ಅಜ್ಜಿ ನನ್ನ ಕಡೆ ಬಗ್ಗಿದರು.

“ಅಜ್ಜಿ, ವಾಪಸ್ ಬರಲ್ಲ ಅಂತ ಸಹಿ ಹಾಕಿ ಹೋಗಿದ್ರಲ್ಲ, ಆ ಫೋಟೋನ ಕವರಿಗೆ ಹಾಕಿ ಮನೆ ವಿಳಾಸ ಬರೀವಾಗ, ಒಂದಿನ ಬಂದೇ ಬರ್ತೀನಿ ಅಂತ ನಿಮಗೆ ಅನ್ನಿಸಿತ್ತಾ?”